ಮಹಡಿ ಮಾವನ ಕೊನೆಯ ಪ್ಯಾಂಟು

"ಆ ಚಾಕ್‌ಪೀಸು ಸ್ವಲ್ಪ ಎತ್ತಿಕೊಡಮ್ಮ," ಎಂದರು ಮಿಸ್ಸು.

ಇಡೀ ಕ್ಲಾಸು ಉಸಿರು ಬಿಗಿಹಿಡಿಯಿತು.

ಚಾಕ್‌ಪೀಸು ಉರುಳಿ ಬಂದು ನಿಂತಿದ್ದು ಸರಿಯಾಗಿ ಗುಂಡಿಯ ಬೆಂಚಿನ ಪಕ್ಕ. ಗುಂಡಿ ಎದ್ದಳು. ಬಾಗಲಿಲ್ಲ. ಬೆನ್ನನ್ನು ಕೋಲಿನ ಹಾಗೆ ನೆಟ್ಟಗಿಟ್ಟುಕೊಂಡು, ಲಿಫ್ಟು ಇಳಿದಂತೆ ಮೊಳಕಾಲು ಮಡಿಸುತ್ತ ಕೆಳಗಿಳಿದಳು. ತಡಕಾಡಿ ಚಾಕ್‌ಪೀಸು ಹಿಡಿದಳು. ಹಾಗೇ ನೆಟ್ಟಗೆ ಮೇಲಕ್ಕೆ ಬಂದಳು. ಆರು ತಿಂಗಳಿಂದ ಮಾಡಿ ಮಾಡಿ ಪಳಗಿದ್ದಳು.

ಆದರೂ ಹಿಂದಿನ ಬೆಂಚಿನಿಂದ ಬಂದೇ ಬಂತು.

"ಪರ್ರ್ರ್!"

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. "ಶ್! ಯಾರದು?" ಎಂದು ಮಿಸ್ಸು ಗದರಿದರು. ಗದರುತ್ತಲೇ ಬೋರ್ಡಿನ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿದ್ದುದು ಗುಂಡಿಗೆ ಕಾಣದೆ ಇರಲಿಲ್ಲ.

ಗುಂಡಿ ಅನ್ನುವುದು ಮನೆಯಲ್ಲಿ ಇಟ್ಟ ಹೆಸರು. ಒಂದು ವರ್ಷದ ಕೂಸಾಗಿದ್ದಾಗ ಅಪ್ಪನ ಹೊಲಿಗೆ ಅಂಗಡಿಯಲ್ಲಿ ಯಾರದೋ ಶರ್ಟಿನ ಗುಂಡಿ ನುಂಗಿದ್ದಳಂತೆ. ಮಾರನೆಯ ದಿನ ಅದನ್ನು ಜೋಪಾನವಾಗಿ ವಾಪಸು ಕೊಟ್ಟಳಂತೆ. ಅಪ್ಪ ಅದನ್ನು ತೊಳೆದು ಅದೇ ಶರ್ಟಿಗೆ ಹಾಕಿದರೋ ಇಲ್ಲವೋ, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಗುಂಡಿ ಅಂತ ಕರೆದರೆ ಅವಳಿಗೆ ಬೇಜಾರಿಲ್ಲ. ಬೇಜಾರಿದ್ದದ್ದು ಸ್ಕೂಲಿನ ಹೆಸರಿಗೆ. ಸ್ಕೂಲಿನಲ್ಲಿ ಅವಳು 'ಪರ್ರಮ್ಮ'.

ಅದಕ್ಕೆಲ್ಲ ಕಾರಣ ಟಿವಿಯಲ್ಲಿ ಪ್ರತಿ ಶನಿವಾರ ಸಂಜೆ ಬರುವ 'ಮಹಡಿ ಮಾವ' ಅನ್ನುವ ಕಾಮಿಡಿ. ಇಪ್ಪತ್ತೊಂದು ವರ್ಷದಿಂದ ಬರುತ್ತಿತ್ತು. ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಒಬ್ಬಂಟಿ ಮಾವ. ಕೆಳಗೆ ಸಿಡುಕಿನ ಮನೆ ಒಡತಿ. ಪ್ರತಿ ವಾರವೂ ಏನೋ ಒಂದು ಎಡವಟ್ಟು. ಕೊನೆಗೆ ಮಾವನ ಕೈಯಿಂದ ಏನಾದರೂ ಬೀಳಲೇಬೇಕು, ಕನ್ನಡಕವೋ, ಛತ್ರಿಯೋ, ಕಾಗದವೋ. ಮಾವ ಎತ್ತಿಕೊಳ್ಳಲು ಬಾಗುತ್ತಾರೆ. ಒಂದು ಸಲ ಬಾಗಿ ಸೊಂಟ ಹಿಡಿದುಕೊಳ್ಳುತ್ತಾರೆ. ಎರಡನೇ ಸಲ ಬಾಗಿ ಆಚೀಚೆ ನೋಡುತ್ತಾರೆ. ಮೂರನೇ ಸಲ ಬಾಗಿದಾಗ ಪರ್ರ್ರ್! ಪ್ಯಾಂಟು ಹಿಂದುಗಡೆ ಹರಿದು ಪಟ್ಟೆಪಟ್ಟೆ ಚಡ್ಡಿ ಕಾಣುತ್ತದೆ. ಮಾವ ಏನೂ ಆಗದವರ ಹಾಗೆ ತಿರುಗಿ, "ಬಿದ್ದರೇನಂತೆ, ಎತ್ಕೊಂಡ್ರಾಯ್ತು!" ಎನ್ನುತ್ತಾರೆ. ಅಲ್ಲಿಗೆ ಆ ವಾರದ ಕತೆ ಮುಗಿಯಿತು.

ಆ ಪ್ಯಾಂಟು ಹೊಲಿಯುವವರು ಗುಂಡಿಯ ಅಪ್ಪ.

ಇದು ಯಾರಿಗೂ ಗೊತ್ತಿರಲಿಲ್ಲ. ಕೊನೆಯಲ್ಲಿ ಇರುವೆ ಸಾಲಿನ ಹಾಗೆ ಓಡುವ ಹೆಸರುಗಳನ್ನು ಯಾರು ಓದುತ್ತಾರೆ? ಅವಳ ಕ್ಲಾಸಿನ ಕನ್ನಡಕದ ಹುಡುಗ ಓದುತ್ತಾನೆ. ಅವನು ಬಸ್ಸಿನ ಟಿಕೆಟ್ಟನ್ನೂ ಎರಡು ಕಡೆ ಓದುವವನು. ಆರು ತಿಂಗಳ ಹಿಂದೆ ಒಂದು ಸೋಮವಾರ ಬಂದು, "ಏಯ್, ಮಾವನ ಪ್ಯಾಂಟು ಹೊಲಿಯೋದು ನಿಮ್ಮಪ್ಪಾನಾ? ಅಂಗಡಿ ಬೋರ್ಡಲ್ಲಿರೋ ಹೆಸರೇ ಟಿವೀಲೂ ಬಂತು!" ಎಂದ. ಗುಂಡಿ ಹೆಮ್ಮೆಯಿಂದ "ಹೂಂ" ಅಂದಳು. ಆ 'ಹೂಂ' ಬಾಯಿಂದ ಬಿದ್ದದ್ದೇ ಬಿದ್ದದ್ದು, ಮತ್ತೆ ಎತ್ತಿಕೊಳ್ಳಲು ಆಗಲಿಲ್ಲ.

ಅಂಗಡಿಗೂ ಅದು ಒಳ್ಳೆಯದು ಮಾಡಲಿಲ್ಲ. ಜನ ಬಟ್ಟೆ ಕೊಡುವಾಗ ನಗುತ್ತ, "ಇದು ನಿಲ್ಲುತ್ತೆ ತಾನೇ?" ಎಂದು ಕೇಳತೊಡಗಿದರು. "ನಿಲ್ಲುತ್ತೆ" ಎಂದು ಅಪ್ಪ ತಾಳ್ಮೆಯಿಂದ ಹೇಳುತ್ತಿದ್ದರು. ತಮಾಷೆಗೆ ಕೇಳಿದವರು ತಮಾಷೆಯಾಗಿಯೇ ಬೇರೆ ಅಂಗಡಿಗೆ ಹೋದರು. ಸ್ಕೂಲಿನ ಯೂನಿಫಾರಂ ಹೊಲಿಯಲು ಅಪ್ಪ ಕೇಳಿದಾಗ ಹೆಡ್‌ಮಿಸ್ಸು, "ನಿಮ್ಮ ಕೆಲಸದ ಮೇಲೆ ಅನುಮಾನ ಇಲ್ಲಪ್ಪ. ಆದರೂ ಮಕ್ಕಳು ಬಾಗ್ತವೆ, ಓಡ್ತವೆ..." ಎಂದು ಕಾಫಿ ಕುಡಿಸಿ ಕಳಿಸಿದ್ದರು.

ಇಂಥ ಹೊತ್ತಿನಲ್ಲಿ ಸುದ್ದಿ ಬಂತು. 'ಮಹಡಿ ಮಾವ' ನಿಲ್ಲುತ್ತಂತೆ!

ಊರಿಗೆ ಊರೇ ಮುಖ ಸಣ್ಣದು ಮಾಡಿಕೊಂಡಿತು. ಗುಂಡಿ ಒಬ್ಬಳೇ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಎರಡು ಸುತ್ತು ಕುಣಿದಳು. ಸ್ಕೂಲಿನಲ್ಲಿ ಉಳಿದರ್ಧ ಸುದ್ದಿ ಕಾದಿತ್ತು.

"ಸುಮ್ಮನೆ ನಿಲ್ಲಲ್ಲ ಕಣೇ," ಎಂದ ಕನ್ನಡಕದ ಹುಡುಗ ಮಾರನೆಯ ದಿನ. "ಕೊನೇಗೆ ಒಂದು ಸಿನಿಮಾ ಮಾಡ್ತಾರಂತೆ. ಮಾವ ರೂಮು ಖಾಲಿ ಮಾಡಿ ಹೋಗ್ತಾರಂತೆ. ನಮ್ಮ ಸ್ಕೂಲಿಂದ ಎಲ್ಲರನ್ನೂ ಕರ್ಕೊಂಡು ಹೋಗ್ತಾರೆ, ಹೆಡ್‌ಮಿಸ್ಸೇ ಹೇಳಿದ್ರು. ಟಿವೀಲಿ ನಿಮ್ಮಪ್ಪನ ಪ್ಯಾಂಟು ಇಷ್ಟೇ ಇಷ್ಟು ಹರಿಯುತ್ತೆ. ಥಿಯೇಟರಲ್ಲಿ," ಎಂದವನು ಎರಡೂ ಕೈ ಚಾಚಿದ, ಸಾಲದೆ ಹೋಯಿತು, ಗೋಡೆ ತೋರಿಸಿದ. "ಅಷ್ಟು ದೊಡ್ಡದಾಗಿ!"

ಗುಂಡಿ ಗೋಡೆಯನ್ನು ನೋಡಿದಳು. ಆ ಗೋಡೆಯ ತುಂಬ ಪಟ್ಟೆಪಟ್ಟೆ ಚಡ್ಡಿ ಕಾಣಿಸಿತು.

*

ಸಂಜೆ ಮನೆಗೆ ಬಂದರೆ ಅಪ್ಪ ಕಿಟಕಿಯ ಹತ್ತಿರ ನಿಂತು ದಾರದ ಉಂಡೆಗಳನ್ನು ಒಂದೊಂದಾಗಿ ತಿರುಗಿಸಿಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರ ಕಿಟಕಿಯಲ್ಲಿ ವರ್ಷವಿಡೀ ಹತ್ತಿಯ ದಾರ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಬಿಸಿಲು ತಿಂದು ತಿಂದು ದಾರದ ಜೀವ ಅರ್ಧ ಹೋಗಬೇಕು. ಪೂರ್ತಿ ಹೋಗಬಾರದು. ಅಪ್ಪ ಅದನ್ನು 'ಬಡ ದಾರ' ಎನ್ನುತ್ತಿದ್ದರು.

"ಕೊನೇ ಸೀನಿಗೆ ಒಂದೇ ಒಂದು ಪ್ಯಾಂಟಂತೆ," ಎಂದರು ಅಪ್ಪ. "ಮೊದಲೆಲ್ಲ ಒಂದು ಸೀನಿಗೆ ಮೂರು ಮಾಡ್ತಿದ್ದೆ. ಈಗ ಮಾವನಿಗೆ ಸೊಂಟ ನೋವು. ಒಂದೇ ಟೇಕು ಕೊಡ್ತಾರಂತೆ, ಮೂರೇ ಸಲ ಬಾಗ್ತಾರಂತೆ. ಅದು ತಪ್ಪಿದರೆ ತಪ್ಪಿತು."

ಒಂದೇ ಪ್ಯಾಂಟಿಗೆ ಅಪ್ಪ ಐದು ದಿನ ಕೂತರು. ಬಟ್ಟೆಗೆ ಮೂರು ಸಲ ಗಂಜಿ ಹಾಕಿ ಒಣಗಿಸಿದರು. ಗಂಜಿ ಇಲ್ಲದಿದ್ದರೆ ಹರಿಯುವಾಗ ಸದ್ದು ಬರುವುದಿಲ್ಲ. ಸೀಟಿನ ಹೊಲಿಗೆಯಲ್ಲಿ ಮೇಲೆ ಕೆಳಗೆ ಗಟ್ಟಿ ದಾರ, ನಡುವೆ ನಾಲ್ಕು ಬೆರಳಿನಷ್ಟು ಬಡ ದಾರ. ಹೊಲಿದು, ಎಳೆದು, ಕಿವಿಯ ಹತ್ತಿರ ಹಿಡಿದು ಕೇಳಿದರು. ತಲೆ ಅಲ್ಲಾಡಿಸಿದರು. ಬಿಚ್ಚಿದರು. ಮತ್ತೆ ಹೊಲಿದರು.

"ಲೋಕದಲ್ಲಿರೋ ಟೈಲರುಗಳೆಲ್ಲ ಹರಿಯದೆ ಇರಲಿ ಅಂತ ಹೊಲೀತಾರೆ," ಎಂದು ಅಮ್ಮ ಇಸ್ತ್ರಿ ಪೆಟ್ಟಿಗೆಯ ಹಿಂದಿನಿಂದ ಹೇಳಿದರು. "ನಿಮ್ಮಪ್ಪ ಹರಿಯೋದಕ್ಕೆ ಐದು ದಿನ ತಗೋತಾರೆ. ನನ್ನ ರವಿಕೆಗೆ ಐದು ನಿಮಿಷ ಸಿಗಲ್ಲ."

"ನಿನ್ನ ರವಿಕೆ ಯಾವಾಗ ಬೇಕಾದರೂ ಹರಿದರೆ ನಡೆಯುತ್ತೆ," ಎಂದರು ಅಪ್ಪ. "ಇದು ಹೇಳಿದ ಹೊತ್ತಿಗೆ ಹರೀಬೇಕು. ಮೊದಲನೇ ಬಾಗಿಗೆ ಸುಮ್ಮನಿರಬೇಕು. ಎರಡನೇದಕ್ಕೆ ಟಿಕ್ ಅನ್ನಬೇಕು. ಒಂದೇ ಒಂದು ಎಳೆ ಬಿಡಬೇಕು, ಮಾವನಿಗೆ ಮಾತ್ರ ಕೇಳೋ ಹಾಗೆ. ಮೂರನೇದಕ್ಕೆ ಕಳಚಿಕೊಳ್ಳಬೇಕು."

ಹೇಳುವಾಗ ಅಪ್ಪನ ಮುಖ ಒಂಥರಾ ಆಗಿತ್ತು. ಗುಂಡಿ ಆ ಕಡೆ ನೋಡಲಿಲ್ಲ. ಅವಳ ಕಣ್ಣು ಪ್ಯಾಂಟಿನ ಮೇಲಿತ್ತು.

ಭಾನುವಾರ ಮಧ್ಯಾಹ್ನಕ್ಕೆ ಪ್ಯಾಂಟು ಮುಗಿಯಿತು. ಒಳಗಡೆ ತೆಳು ಬಟ್ಟೆಯ ಅಸ್ತರಿ ಹಾಕಿ, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಇಟ್ಟರು. ಐದು ದಿನದ ಆಯಾಸ, ಅಪ್ಪ ಹಿಂದಿನ ಕೋಣೆಯಲ್ಲಿ ಮಲಗಿ ಗೊರಕೆ ಹೊಡೆದರು. ಅಮ್ಮ ಇಸ್ತ್ರಿ ಬಟ್ಟೆ ಕೊಟ್ಟು ಬರಲು ಹೋದರು.

ಗುಂಡಿ ಕಾಗದ ಬಿಚ್ಚಿದಳು.

ನೆಟ್ಟಗೆ ಹೊಲಿಯುವುದನ್ನು ಅಪ್ಪನೇ ಕಲಿಸಿದ್ದರು, ಚಿಂದಿ ಬಟ್ಟೆಯ ಮೇಲೆ. ಸ್ಕೂಲ್ ಬ್ಯಾಗು ಹೊಲಿಯುವ ನೈಲಾನ್ ದಾರ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ಅಸ್ತರಿಯ ಅಂಚು ಬಿಚ್ಚಿದಳು. ಒಳಗಡೆಯಿಂದ ಬಡ ದಾರದ ಪಕ್ಕದಲ್ಲೇ ನೈಲಾನ್ ದಾರದಿಂದ ಒಂದು ಸಾಲು ಹೊಡೆದಳು. ಸಾಲದು ಅನ್ನಿಸಿ ಇನ್ನೊಂದು ಸಾಲು ಹೊಡೆದಳು. ಎರಡೂ ಕೊನೆಯಲ್ಲಿ ಸ್ವಲ್ಪ ಎಡಕ್ಕೆ ಎಳೆದವು. ಅವಳ ಹೊಲಿಗೆ ಯಾವಾಗಲೂ ಹಾಗೆಯೇ. ಅಸ್ತರಿ ಮುಚ್ಚಿ, ಇಸ್ತ್ರಿ ಎಳೆದು, ಕಾಗದ ಸುತ್ತಿದಳು.

ಹರಿಯಬಾರದು, ಅಷ್ಟೇ. ಹರಿಯದಿದ್ದರೆ ಮುಂದೇನು ಎಂದು ಅವಳು ಯೋಚಿಸಲಿಲ್ಲ. ಹತ್ತು ವರ್ಷದವರು ಅಷ್ಟೆಲ್ಲ ಯೋಚಿಸುವುದಿಲ್ಲ. ಐವತ್ತು ವರ್ಷದವರು ಯೋಚಿಸುತ್ತಾರೆ ಅನ್ನುವುದಕ್ಕೂ ಏನೂ ಆಧಾರವಿಲ್ಲ.

*

ಶೂಟಿಂಗಿನ ಕೊನೆಯ ದಿನ ಕೆಲಸದವರ ಮನೆಯವರೆಲ್ಲ ಬರಬಹುದು ಎಂದಿದ್ದರು. ಅಪ್ಪ ಗುಂಡಿಯನ್ನೂ ಅಮ್ಮನನ್ನೂ ಕರೆದುಕೊಂಡು ಹೋದರು. ಪ್ಯಾಂಟಿನ ಪೊಟ್ಟಣವನ್ನು ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಟಿವಿಯಲ್ಲಿ ನೋಡಿದ ಮಹಡಿ ಮನೆ ಅಲ್ಲಿ ದೊಡ್ಡ ಷೆಡ್ಡಿನೊಳಗೆ ನಿಂತಿತ್ತು. ಗೋಡೆಗಳು ಪ್ಲೈವುಡ್ಡು. ಹಿಂದೆ ಹೋಗಿ ನೋಡಿದರೆ ಬರೀ ಕಂಬ, ಮೊಳೆ. ಮಾವನ ಕೋಣೆಗೆ ಸೂರೇ ಇರಲಿಲ್ಲ. ಇಪ್ಪತ್ತೊಂದು ವರ್ಷ ಬಾಡಿಗೆ ಕೊಟ್ಟವರು ಒಂದು ಸಲವಾದರೂ ತಲೆ ಎತ್ತಿ ನೋಡಬಾರದೆ ಅನ್ನಿಸಿತು ಗುಂಡಿಗೆ.

ಅಷ್ಟರಲ್ಲಿ ಮಾವ ಬಂದರು. ಟಿವಿಯಲ್ಲಿ ಕಪ್ಪು ಕೂದಲು. ಇಲ್ಲಿ ಅದು ಒಬ್ಬ ಹುಡುಗಿಯ ಕೈಯಲ್ಲಿ ಬುಟ್ಟಿಯೊಳಗಿತ್ತು. ಮಾವ ತೀರ ಮುದುಕರು. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಗೋಡೆ ಅಲ್ಲಾಡುತ್ತಿತ್ತು.

"ಏನು ಟೈಲರಣ್ಣ," ಎಂದರು ಅಪ್ಪನನ್ನು ನೋಡಿ, "ಕೊನೇದು ತಂದ್ಯಾ?"

"ತಂದಿದೀನಿ ಸಾರ್. ಎರಡನೇದಕ್ಕೆ ಟಿಕ್ ಅನ್ನುತ್ತೆ. ಗಾಬರಿಯಾಗಬೇಡಿ."

"ನಿನ್ನ ಟಿಕ್ ಕೇಳಿದ ಮೇಲೇ ಕಣೋ ನನಗೆ ಧೈರ್ಯ ಬರೋದು. ಜನ ನಗ್ತಾರೋ ಇಲ್ವೋ ಅನ್ನೋ ಭಯ ಇಪ್ಪತ್ತೊಂದು ವರ್ಷ ಆದರೂ ಹೋಗಲಿಲ್ಲ. ಟಿಕ್ ಅಂದರೆ ಹೋಗುತ್ತೆ." ಆಮೇಲೆ ಗುಂಡಿಯ ಕಡೆ ಬಗ್ಗಲು ನೋಡಿದರು, ಆಗಲಿಲ್ಲ. ನಿಂತಲ್ಲಿಂದಲೇ ಕೇಳಿದರು, "ಇವಳೇನೋ ಗುಂಡಿ ನುಂಗಿದವಳು?"

"ಹೂಂ ಸಾರ್."

"ಭಲೇ. ನಿಮ್ಮಪ್ಪ ಹೊಲಿದ ಪ್ಯಾಂಟು ಒಂದೂ ನನಗೆ ಕೈ ಕೊಟ್ಟಿಲ್ಲ ಕಣಮ್ಮ, ಗೊತ್ತಾ? ಒಂದೂ!"

ಹೇಳಿಬಿಡೋಣ ಎಂದು ಗುಂಡಿ ಅಪ್ಪನ ಅಂಗಿ ಜಗ್ಗಿದಳು. "ಅಪ್ಪಾ..."

"ಬಾತ್‌ರೂಮು ಅಲ್ಲಿದೆ," ಎಂದರು ಅಪ್ಪ, ಕಣ್ಣು ಪೊಟ್ಟಣದ ಮೇಲಿಟ್ಟುಕೊಂಡು.

"ಅದಲ್ಲಪ್ಪಾ..."

"ಎಲ್ಲ ಸೈಲೆನ್ಸ್!" ಎಂದು ಯಾರೋ ಕೂಗಿದರು. ಮಾವ ಪ್ಯಾಂಟು ಹಾಕಿಕೊಂಡು ಮಹಡಿ ಮೆಟ್ಟಿಲ ಮೇಲೆ ನಿಂತಿದ್ದರು, ತಲೆಯಲ್ಲಿ ಕಪ್ಪು ಕೂದಲು, ಕೈಯಲ್ಲಿ ಟ್ರಂಕು. ದೀಪಗಳು ಹತ್ತಿದವು. ಡೈರೆಕ್ಟರಮ್ಮ ಕ್ಯಾಮೆರಾದ ಪಕ್ಕ ಕೂತರು.

ಅಪ್ಪ ಒಂದು ಮೂಲೆಗೆ ಹೋಗಿ ನಿಂತು ಕಣ್ಣು ಮುಚ್ಚಿಕೊಂಡರು.

"ನೋಡಲ್ವಾ?" ಎಂದು ಗುಂಡಿ ಅಮ್ಮನನ್ನು ಪಿಸುಮಾತಿನಲ್ಲಿ ಕೇಳಿದಳು.

"ನಿಮ್ಮಪ್ಪ ಯಾವತ್ತೂ ನೋಡಲ್ಲ," ಎಂದರು ಅಮ್ಮ. "ಕೇಳ್ತಾರೆ."

ಕತೆ ಹೀಗಿತ್ತು. ಮಾವ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಮನೆ ಒಡತಿಗೆ ಕೊಡಬೇಕು. ಕೊಡುವಾಗ ಅದು ಬೀಳಬೇಕು. ಮೂರನೇ ಬಾಗಿಗೆ ಪ್ಯಾಂಟು ಹರಿಯಬೇಕು. ಸಿಡುಕಿ ಒಡತಿ ಮೊದಲ ಸಲ ನಗಬೇಕು. ಮಾವ ತಮ್ಮ ಮಾತು ಹೇಳಬೇಕು. ನಗುನಗುತ್ತ ಹೊರಡಬೇಕು.

ಬೀಗದ ಕೈ ಬಿತ್ತು.

ಮಾವ ಬಾಗಿದರು. ಸೊಂಟ ಹಿಡಿದುಕೊಂಡರು. ಅದು ನಟನೆಯೋ ನಿಜವೋ ತಿಳಿಯಲಿಲ್ಲ.

ಎರಡನೇ ಸಲ ಬಾಗಿದರು. ಆಚೀಚೆ ನೋಡಿದರು.

ಟಿಕ್ ಅನ್ನಲಿಲ್ಲ.

ಮೂಲೆಯಲ್ಲಿ ಅಪ್ಪನ ಕಣ್ಣು ಫಕ್ಕನೆ ತೆರೆದುಕೊಂಡಿತು.

ಮೂರನೇ ಸಲ ಬಾಗಿದರು. ಏನೂ ಆಗಲಿಲ್ಲ. ಮಾವ ಬಾಗಿದಲ್ಲೇ ಸ್ವಲ್ಪ ಹೊತ್ತು ನಿಂತರು. ಎದ್ದರು. ಮೂರೇ ಸಲ ಅಂದಿದ್ದವರು ಹಲ್ಲು ಕಚ್ಚಿ ನಾಲ್ಕನೇ ಸಲ ಬಾಗಿದರು. ಏನೂ ಆಗಲಿಲ್ಲ. ಮಾವ ನಿಧಾನಕ್ಕೆ ಒಂದು ಕೈಯನ್ನು ಹಿಂದಕ್ಕೆ ತಂದು ಹೊಲಿಗೆ ಮುಟ್ಟಿ ನೋಡಿಕೊಂಡರು. ಮೇಲಿಂದ ಕೆಳಗಿನವರೆಗೆ, ಕಳೆದುಹೋದ ಏನನ್ನೋ ಹುಡುಕುವವರ ಹಾಗೆ.

ಮನೆ ಒಡತಿಯ ಕಡೆ ತಿರುಗಿದರು. ತುಟಿ ಅಲ್ಲಾಡಿತು. ಇಪ್ಪತ್ತೊಂದು ವರ್ಷ ಹೇಳಿದ ಮಾತು ಬಾಯಿಗೆ ಬರಲಿಲ್ಲ.

"ಕೊನೇ ದಿನ ಅಂತ ಇದಕ್ಕೂ ಗೊತ್ತಾಗಿಬಿಟ್ಟಿದೆ, ನೋಡಿ," ಎಂದರು ಮಾವ.

ಬೀಗದ ಕೈಯನ್ನು ಬಿದ್ದಲ್ಲೇ ಬಿಟ್ಟು, ಕಟಕಟೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು.

'ಕಟ್' ಅನ್ನಬೇಕಾಗಿದ್ದ ಡೈರೆಕ್ಟರಮ್ಮ ಅನ್ನಲೇ ಇಲ್ಲ. ಲೈಟು ಹಿಡಿದ ಅಣ್ಣ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಆಮೇಲೆ ಒಮ್ಮೆಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಡೈರೆಕ್ಟರಮ್ಮ ಎದ್ದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡರು.

"ಟೈಲರಣ್ಣ! ನಿಮಗೆ ಹೇಗೆ ಹೊಳೀತು ಇದು?"

"ಕೈ ತಪ್ಪಿತು ಅಮ್ಮ," ಎಂದರು ಅಪ್ಪ.

"ನೋಡಿ, ದೊಡ್ಡ ಕೆಲಸ ಮಾಡಿದವರು ಹೇಗೆ ಮಾತಾಡ್ತಾರೆ!" ಎಂದು ಡೈರೆಕ್ಟರಮ್ಮ ಎಲ್ಲರಿಗೂ ಹೇಳಿದರು. ಅಪ್ಪ ನಿಜ ಹೇಳುತ್ತಿದ್ದಾರೆ ಎಂದು ಅಲ್ಲಿ ಒಬ್ಬರೂ ನಂಬಲಿಲ್ಲ. ಅಪ್ಪ ಹೇಳಿದ್ದು ಪೂರ್ತಿ ನಿಜವೂ ಆಗಿರಲಿಲ್ಲ.

ಪ್ಯಾಂಟು ವಾಪಸು ಬಂದಾಗ ಅಪ್ಪ ಅದನ್ನು ತಿರುವಿ, ಅಸ್ತರಿ ಎತ್ತಿ ನೋಡಿದರು. ಎರಡು ಸಾಲು ನೈಲಾನ್ ದಾರ. ಎರಡೂ ಕೊನೆಯಲ್ಲಿ ಎಡಕ್ಕೆ. ಬಹಳ ಹೊತ್ತು ನೋಡಿದರು. ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಬಸ್ಸಿನಲ್ಲಿ ಗುಂಡಿ ಬೈಗುಳಕ್ಕೆ ಕಾದಳು. ಒಂದು ಸ್ಟಾಪು ಹೋಯಿತು. ಎರಡು ಹೋಯಿತು. ಅಮ್ಮ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದರು.

"ನೈಲಾನ್ ದಾರ ಹಾಕುವಾಗ ಸೂಜಿ ಬದಲಾಯಿಸಬೇಕು," ಎಂದರು ಅಪ್ಪ, ಮುಂದೆ ನೋಡುತ್ತ. "ಹದಿನಾರರ ಸೂಜಿ ಅಲ್ಲ, ಹದಿನೆಂಟರದು. ಇಲ್ಲದಿದ್ದರೆ ಎಡಕ್ಕೆ ಎಳೆಯುತ್ತೆ."

ಅಷ್ಟೇ. ಬೈದಿದ್ದರೆ ವಾಸಿಯಿತ್ತು.

*

ಸಿನಿಮಾ ಬಂತು. ಸ್ಕೂಲಿನವರು ಸಾಲಾಗಿ ಹೋಗಿ ಕೂತರು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಮಾವ ಮೊದಲ ಸಲ ಬಾಗಿದಾಗ ಹಿಂದಿನ ಸಾಲಿನ ಹುಡುಗರು 'ಪರ್ರ್' ಅನ್ನಲು ತುಟಿ ಸರಿ ಮಾಡಿಕೊಂಡರು. ಮೂರನೇ ಸಲವೂ ಆಯಿತು, ನಾಲ್ಕನೇ ಸಲವೂ ಆಯಿತು. ಸರಿ ಮಾಡಿಕೊಂಡ ತುಟಿ ಹಾಗೇ ಉಳಿಯಿತು. "ಇದಕ್ಕೂ ಗೊತ್ತಾಗಿಬಿಟ್ಟಿದೆ" ಎಂದು ಮಾವ ಹೇಳಿದಾಗ ಗುಂಡಿಯ ಪಕ್ಕದಲ್ಲಿ ಸೊರ್ ಸೊರ್ ಸದ್ದು ಕೇಳಿಸಿತು. ಕನ್ನಡಕದ ಹುಡುಗ ಕನ್ನಡಕ ತೆಗೆದು ಒರೆಸುತ್ತಿದ್ದ.

"ಕಣ್ಣಿಗೆ ಧೂಳು ಬಿತ್ತು," ಎಂದ.

"ಎರಡೂ ಕಣ್ಣಿಗಾ?"

"ಥಿಯೇಟರು ಕಸ ಗುಡಿಸಿಲ್ಲ ಕಣೇ!"

ಪೇಪರಿನವರು ಹರಿಯದ ಪ್ಯಾಂಟಿನ ಬಗ್ಗೆ ಅರ್ಧ ಪುಟ ಬರೆದರು. ಅದು ಕಾಲದ ಗುರುತಂತೆ, ನಗು ಮುಗಿದ ಮೇಲಿನ ಮೌನವಂತೆ. ಆ ಒಂದು ದೃಶ್ಯಕ್ಕಾಗಿ ಎಂಟು ತಿಂಗಳು ತಲೆ ಕೆಡಿಸಿಕೊಂಡೆವು ಎಂದು ಡೈರೆಕ್ಟರಮ್ಮ ಹೇಳಿದ್ದರು. ಹೇಳಿ ಹೇಳಿ ಅವರಿಗೂ ಅದು ನಿಜವೇ ಅನ್ನಿಸಿರಬೇಕು. ಮಿಸ್ಸು ಆ ಪೇಪರನ್ನು ಕ್ಲಾಸಿನಲ್ಲಿ ಓದಿ, "ಇಂಥದೆಲ್ಲ ಸುಮ್ಮಸುಮ್ಮನೆ ಆಗಲ್ಲ ಮಕ್ಕಳೇ, ತುಂಬ ಯೋಚನೆ ಬೇಕು," ಎಂದರು. ಗುಂಡಿ ಡೆಸ್ಕಿನ ಮೇಲಿನ ಗೀರುಗಳನ್ನು ಎಣಿಸುತ್ತ ಕೂತಳು.

ಅಂಗಡಿಗೆ ಜನ ಬಂದರು. ಬಂದರು ಅಂದರೆ, ಮೆಟ್ಟಿಲ ತನಕ ನಿಂತರು. "ಹರಿಯದ ಪ್ಯಾಂಟಿನ ಟೈಲರು ಇವರೇನಾ?" ಎಂದು ಕೇಳಿಕೊಂಡು ಬಂದರು. ನಿಲ್ಲುತ್ತಾ ಅಂತ ಈಗ ಯಾರೂ ಕೇಳಲಿಲ್ಲ. ಹೆಡ್‌ಮಿಸ್ಸು ಸ್ವತಃ ಬಂದು ಯೂನಿಫಾರಂ ಕೊಟ್ಟರು. "ನನಗೆ ಮೊದಲಿಂದಲೂ ನಿಮ್ಮ ಹೊಲಿಗೆ ಮೇಲೆ ನಂಬಿಕೆ," ಎಂದರು. ಅಪ್ಪ ಅವರಿಗೆ ಕಾಫಿ ಕುಡಿಸಿ ಕಳಿಸಿದರು.

ಅಮ್ಮನ ಇಸ್ತ್ರಿ ಪೆಟ್ಟಿಗೆ ಆರಲೇ ಇಲ್ಲ. ಎಲ್ಲ ಚೆನ್ನಾಗಿತ್ತು. ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು.

ಒಂದು ದಿನ ಕ್ಲಾಸಿನಲ್ಲಿ ಗುಂಡಿಯ ಪೆನ್ಸಿಲು ಬಿತ್ತು. ಅಭ್ಯಾಸಬಲದಿಂದ ಬೆನ್ನು ನೆಟ್ಟಗೆ ಮಾಡಿಕೊಂಡಳು. ಹಿಂದೆ ಯಾರೂ ಏನೂ ಅನ್ನಲಿಲ್ಲ. ಬೇಕೆಂದೇ ನಡು ಬಗ್ಗಿಸಿ, ನೆಲಕ್ಕೆ ತಲೆ ತಾಗುವ ಹಾಗೆ ಬಾಗಿದಳು. ಆಗಲೂ ಯಾರೂ ಏನೂ ಅನ್ನಲಿಲ್ಲ. ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಪೆನ್ಸಿಲು ಎತ್ತಿಕೊಂಡು ಕೂತಳು. ಏನೋ ಒಂದು ಕಡಿಮೆಯಾಗಿತ್ತು.

ಸಂಜೆ ಅಂಗಡಿಯಲ್ಲಿ ಕೂತು ಅವಳು ಅಪ್ಪನನ್ನೇ ನೋಡಿದಳು. ನೀಲಿ ಚಡ್ಡಿ, ನೀಲಿ ಚಡ್ಡಿ, ಮತ್ತೆ ನೀಲಿ ಚಡ್ಡಿ. ಹೊಲಿಗೆ ನೆಟ್ಟಗೆ ಓಡುತ್ತಿತ್ತು. ಒಂದು ಮುಗಿದರೆ ಪಕ್ಕಕ್ಕೆ ಎಸೆಯುವರು, ಇನ್ನೊಂದು ಎತ್ತಿಕೊಳ್ಳುವರು. ಅಪ್ಪ ಒಂದನ್ನೂ ಕಿವಿಯ ಹತ್ತಿರ ಹಿಡಿಯಲಿಲ್ಲ. ಹಿಡಿದು ಕೇಳುವಂಥದ್ದು ಅವುಗಳಲ್ಲಿ ಏನೂ ಇರಲಿಲ್ಲ.

ಕಿಟಕಿಯಲ್ಲಿ ಬಡ ದಾರದ ಉಂಡೆಗಳು ಹಾಗೇ ಇದ್ದವು. ತಿರುಗಿಸುವವರಿಲ್ಲದೆ ಒಂದೇ ಕಡೆ ಬೆಳ್ಳಗಾಗಿದ್ದವು.

"ಇವನ್ನು ಬಿಸಾಕಲಾ?" ಎಂದರು ಅಮ್ಮ. "ಜಾಗವಾದರೂ ಆಗುತ್ತೆ."

"ಇರಲಿ ಬಿಡು," ಎಂದರು ಅಪ್ಪ. ಮಷೀನು ನಿಲ್ಲಿಸದೆಯೇ ಹೇಳಿದರು.

ಮಾವನ ಪ್ಯಾಂಟು ಮೂಲೆಯ ಮೊಳೆಗೆ ನೇತುಬಿದ್ದಿತ್ತು, ಸಿನಿಮಾದಲ್ಲಿ ಅತ್ತವರೆಲ್ಲ ಮುಟ್ಟಿ ನೋಡಿ ಹೋಗುತ್ತಿದ್ದ ಪ್ಯಾಂಟು. ಗುಂಡಿ ಅದನ್ನು ನೋಡಿದಳು. ಐದು ದಿನ. ಮೂರು ಸಲ ಗಂಜಿ. ಕೇಳಿದ್ದು, ತಲೆ ಅಲ್ಲಾಡಿಸಿದ್ದು, ಬಿಚ್ಚಿದ್ದು. ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತದ್ದು.

ಆ ಭಾನುವಾರ ಅಪ್ಪ ದಾರ ತರಲು ಹೋದಾಗ ಗುಂಡಿ ಪ್ಯಾಂಟನ್ನು ಇಳಿಸಿಕೊಂಡು ಕೂತಳು. ನೈಲಾನ್ ಹೊಲಿಗೆ ಹಾಕಲು ಐದು ನಿಮಿಷ ಹಿಡಿದಿತ್ತು. ಬಿಚ್ಚಲು ಒಂದು ಗಂಟೆ ಬೇಕಾಯಿತು. ಅಡಿಯಲ್ಲಿದ್ದ ಅಪ್ಪನ ಬಡ ದಾರವೂ ಅದರ ಜೊತೆ ಪುಡಿಪುಡಿಯಾಗಿ ಉದುರಿತು. ಕಿಟಕಿಯಿಂದ ಒಂದು ಉಂಡೆ ತಂದು, ನಡುವಿನ ನಾಲ್ಕು ಬೆರಳು ಜಾಗಕ್ಕೆ ತಾನೇ ಹೊಲಿದಳು. ಕಿವಿಯ ಹತ್ತಿರ ಹಿಡಿದು ಎಳೆದಳು. ಏನು ಕೇಳಬೇಕೋ ಅವಳಿಗೆ ತಿಳಿಯಲಿಲ್ಲ.

ಅಪ್ಪ ಒಳಗೆ ಬರುವಾಗ ಗುಂಡಿ ಆ ಪ್ಯಾಂಟಿನೊಳಗಿದ್ದಳು. ಕಂಕುಳ ತನಕ ಏರಿಸಿ, ಹಗ್ಗದಿಂದ ಕಟ್ಟಿ, ಕಾಲ ಹತ್ತಿರ ನಾಲ್ಕು ಮಡಿಕೆ ಹಾಕಿಕೊಂಡಿದ್ದಳು. ಹಿಂದುಗಡೆ ಬಿಗಿಯಾಗಲಿ ಅಂತ ಒಳಗೆ ಎರಡು ದಿಂಬು ತುರುಕಿದ್ದಳು. ಕೈಯಲ್ಲಿ ಅಂಗಡಿಯ ಬೀಗದ ಕೈ.

ಅಪ್ಪ ಬಾಗಿಲಲ್ಲೇ ನಿಂತರು.

ಗುಂಡಿ ಬೀಗದ ಕೈ ಬೀಳಿಸಿದಳು. ಬಾಗಿದಳು.

ಪರಕ್!

ಮೊದಲನೇದಕ್ಕೇ ಹೋಯಿತು. ದಿಂಬೂ ಹೊರಗೆ ಬಂತು.

ಗುಂಡಿ ಬಾಗಿದವಳು ಬಾಗಿಯೇ ಇದ್ದಳು. ತಲೆ ಎತ್ತಲು ಮುಖ ಇರಲಿಲ್ಲ. ಮುಖ ಕೆಂಪಾಗಿ ಕಣ್ಣಿನ ನೀರು ಹಣೆಯ ಕಡೆ ಇಳಿಯತೊಡಗಿತು.

"ಅವಸರದ ಪ್ಯಾಂಟು," ಎಂದರು ಅಪ್ಪ. ಚೀಲ ಕೆಳಗಿಟ್ಟರು. ನೀಲಿ ಚಡ್ಡಿಗಳ ರಾಶಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಮಷೀನಿನ ಮುಂದೆ ಇನ್ನೊಂದು ಸ್ಟೂಲು ಎಳೆದರು. "ಬಿಚ್ಚು, ತಾ ಇಲ್ಲಿ. ದಾರ ತುಂಬ ಬೆಂದುಹೋಗಿದೆ. ಇದರ ಜೊತೆಗೆ ಒಂದೇ ಒಂದು ಎಳೆ ಒಳ್ಳೇ ದಾರ ಸೇರಿಸಬೇಕು. ಅದೇ ಟಿಕ್ ಅನ್ನೋದು. ಅದನ್ನು ಎಲ್ಲಿ ಹಾಕಬೇಕು ಅನ್ನೋದು ಕೈಗೆ ಗೊತ್ತಾಗಬೇಕು, ಹೇಳಿಕೊಟ್ಟರೆ ಬರಲ್ಲ."

ಹೇಳಿಕೊಟ್ಟರು.

ಎರಡನೇ ಸಲ ಮಾಡಿದ್ದು ಹರಿಯಲೇ ಇಲ್ಲ. ಮೂರನೇ ಸಲ ಮಾಡಿದ್ದು ಹಾಕಿಕೊಳ್ಳುವಾಗಲೇ ಹರಿಯಿತು. ಅಮ್ಮ ಬಂದು ನೋಡಿ, "ಇವರಿಬ್ಬರಿಗೂ ಹುಚ್ಚು ಹಿಡಿದಿದೆ, ನನ್ನ ದಿಂಬು ಕೊಡಿ," ಎಂದರು. ಕೊಡಲಿಲ್ಲ. ಹೊರಗೆ ಯಾರೋ ಯೂನಿಫಾರಂ ಕೇಳಿಕೊಂಡು ಬಂದು ಬಾಗಿಲು ತಟ್ಟಿದರು. "ನಾಳೆ," ಎಂದರು ಅಪ್ಪ.

ನಾಲ್ಕನೆಯದನ್ನು ಅಪ್ಪ ಕಿವಿಯ ಹತ್ತಿರ ಹಿಡಿದು, ಬಹಳ ಹೊತ್ತು ಕೇಳಿ, ಅವಳ ಕೈಗೆ ಕೊಟ್ಟರು.

ಗುಂಡಿ ಹಾಕಿಕೊಂಡಳು. ದಿಂಬು ಸರಿಮಾಡಿಕೊಂಡಳು. ಅಪ್ಪ ಮೂಲೆಗೆ ಹೋಗಿ ನಿಂತರು.

ಬೀಗದ ಕೈ ಬಿತ್ತು.

ಮೊದಲನೇ ಸಲ ಬಾಗಿದಳು. ಸುಮ್ಮನಿತ್ತು.

ಎರಡನೇ ಸಲ ಬಾಗಿದಳು.

ಟಿಕ್.

ಎಷ್ಟು ಸಣ್ಣ ಸದ್ದು! ಅವಳಿಗೆ ಮಾತ್ರ ಕೇಳಿಸಿತು ಅಂದುಕೊಂಡಳು. ಬಾಗಿದಲ್ಲಿಂದಲೇ ಎರಡು ಕಾಲುಗಳ ನಡುವೆ ಹಿಂದಕ್ಕೆ ನೋಡಿದಳು. ಅಲ್ಲಿ ಮೂಲೆಯಲ್ಲಿ, ತಲೆಕೆಳಗಾಗಿ, ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದರು. ಮುಖ ಒಂಥರಾ ಆಗಿತ್ತು. ಈ ಸಲ ಗುಂಡಿ ಕಣ್ಣು ತೆಗೆಯದೆ ನೋಡಿದಳು.

ಎದ್ದು ನಿಂತಳು. ಮೂರನೆಯದಕ್ಕೆ ಅವಳು ಅವಸರ ಮಾಡಲಿಲ್ಲ.